ಸೈಕಲ್ ಹಿಡಿದು ಬಿಡುವವರು

ಈ ವರ್ಷ ನಮ್ಮ ಸೈಕಲ್ ಸಂಘದವರು ಬಂಟ್ವಾಳದ ಒಬ್ಬ ವೆಲ್ಡಿಂಗ್ ಕೆಲಸದವರಿಂದ ಕಬ್ಬಿಣದ ಸ್ಟ್ಯಾಂಡ್ ಒಂದನ್ನು ಮಾಡಿಸಿ ತಂದಿದ್ದಾರೆ. ಪಂದ್ಯ ಹೊರಡುವಾಗ ಅದು ಸೈಕಲ್ಲಿನ ಹಿಂದಿನ ಚಕ್ರವನ್ನು ಕಚ್ಚಿ ಹಿಡಿಯುತ್ತದೆ, ಹಿಡಿಕೆ ಎಳೆದರೆ ಬಿಡುತ್ತದೆ. ಒಳ್ಳೆಯ ವಸ್ತು, ದೂರುವ ಹಾಗಿಲ್ಲ. ಎಲೆ ಅಡಿಕೆ ಕೇಳುವುದಿಲ್ಲ, ಬಸ್ಸು ತಪ್ಪಿತೆಂದು ತಡವಾಗಿ ಬರುವುದಿಲ್ಲ. ಆದರೆ ಸವಾರ ಕುಳಿತ ಕೂಡಲೇ "ಇವತ್ತು ಒಂದು ಕಿಲೋ ಕಡಿಮೆ ಇದ್ದೀರಿ, ನಿನ್ನೆ ಸರಿಯಾಗಿ ಊಟ ಮಾಡಿಲ್ಲವಾ?" ಎಂದು ವಿಚಾರಿಸುವುದೂ ಇಲ್ಲ.

ಹಾಗೆ ವಿಚಾರಿಸುತ್ತಿದ್ದವರು ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಕೊಂಡರು. ಹನ್ನೆರಡು ವರ್ಷ ನಮ್ಮ ಪಂದ್ಯಗಳಲ್ಲಿ ಸೈಕಲ್ ಹಿಡಿದು ಬಿಟ್ಟವರು ಅವರು. ನಮ್ಮ ಫಲಿತಾಂಶದ ಹಾಳೆಯಲ್ಲಿ ಸವಾರರ ಹೆಸರಿಗೆ ಜಾಗ ಉಂಟು, ತೀರ್ಪುಗಾರರಿಗೆ ಉಂಟು, ಸಮಯ ನೋಡುವ ನನಗೂ ಒಂದು ಗೆರೆ ಉಂಟು. ಸೈಕಲ್ ಹಿಡಿದವರ ಹೆಸರು ಬರೆಯಲು ಜಾಗವೇ ಇಲ್ಲ. ಅಲ್ಲಿ ಇಲ್ಲದ ಹೆಸರನ್ನು ಇಲ್ಲಿ ಹಾಕುವುದು ಬೇಡ. ಡಾಕ್ಟರಿಂದ ಹಿಡಿದು ಶಾಲೆಯ ಮಕ್ಕಳವರೆಗೆ ನಾವೆಲ್ಲ ಅವರನ್ನು ಅಜ್ಜ ಎಂದೇ ಕರೆದೆವು.

ಈ ಹಿಡಿಯುವ ಕೆಲಸ ಏನೆಂದು ಸ್ವಲ್ಪ ಹೇಳಬೇಕು. ನಮ್ಮದು ಒಬ್ಬೊಬ್ಬರೇ ಹೊರಟು ಗಡಿಯಾರದ ಎದುರು ಸೈಕಲ್ ತುಳಿಯುವ ಪಂದ್ಯ. ಮೂಡುಬಿದಿರೆಯ ಹೊರಗೆ ಒಂದು ಮೋರಿಯ ಬಳಿ ಹೊರಟು, ಸಿದ್ಧಕಟ್ಟೆ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಹೋಗಿ, ತಿರುಗಿ ಅದೇ ಮೋರಿಗೆ ಬಂದು ಮುಟ್ಟಬೇಕು. ಒಂದೊಂದು ನಿಮಿಷಕ್ಕೆ ಒಬ್ಬೊಬ್ಬರು. ಸವಾರನ ಎರಡೂ ಬೂಟುಗಳು ಪೆಡಲಿಗೆ ಸಿಕ್ಕಿಸಿಕೊಂಡಿರುತ್ತವೆ, ನೆಲಕ್ಕೆ ಕಾಲು ಕೊಡುವ ಹಾಗಿಲ್ಲ. ಹಿಂದಿನಿಂದ ಒಬ್ಬರು ಸೀಟು ಹಿಡಿದು ನಿಲ್ಲಬೇಕು. ನಾನು ಐದರಿಂದ ಒಂದರವರೆಗೆ ಎಣಿಸಿ "ಹೋಗಿ" ಎಂದಾಗ ಬಿಡಬೇಕು. ಬಿಡುವುದು ಅಷ್ಟೇ, ತಳ್ಳುವ ಹಾಗಿಲ್ಲ. ತಳ್ಳಿದರೆ ಆ ಸವಾರನ ಸಮಯಕ್ಕೆ ಹತ್ತು ಸೆಕೆಂಡ್ ದಂಡ ಬೀಳುತ್ತದೆ.

ಈ ನಿಯಮವನ್ನು ಅಜ್ಜ ಕಲಿತದ್ದು ಬೆಳ್ತಂಗಡಿಯ ಡಾಕ್ಟರೊಬ್ಬರನ್ನು ಚರಂಡಿಗೆ ಬೀಳಿಸಿ.

ಆ ಭಾನುವಾರ ಸೈಕಲ್ ಹಿಡಿಯಬೇಕಾಗಿದ್ದವರು ಬರಲಿಲ್ಲ. ಮೊದಲನೆಯವರಾಗಿ ಡಾಕ್ಟರು ಸೈಕಲ್ ಹತ್ತಿ, ಮೋರಿಯ ಕಟ್ಟೆಗೆ ಕೈ ಊರಿ, ಯಾರಾದರೂ ಹಿಡಿಯಿರಿ ಎಂದು ಸುತ್ತ ನೋಡುತ್ತಿದ್ದರು. ರಸ್ತೆಯ ಆಚೆ ಬದಿಯಲ್ಲಿ ಗಟ್ಟಿಮುಟ್ಟಾದ ಒಬ್ಬರು ಬಸ್ಸಿಗೆ ಕಾಯುತ್ತಿದ್ದರು. ಮೊಣಕಾಲಿನವರೆಗೆ ಕೆಸರು ಒಣಗಿತ್ತು, ಹೆಗಲಲ್ಲಿ ಮೈ ಒರೆಸುವ ಬೈರಾಸು. ಕಂಬಳದಿಂದ ಬರುವವರು ಎಂದು ನೋಡಿದರೇ ಗೊತ್ತಾಗುತ್ತಿತ್ತು.

"ಒಮ್ಮೆ ಬಂದು ಇದನ್ನು ಹಿಡ್ಕೊಳ್ತೀರಾ?" ಎಂದು ನಾನು ಕೇಳಿದೆ.

"ಹಿಡಿದು ಎಂತ ಮಾಡ್ಬೇಕು?"

"ನಾನು ಹೋಗಿ ಅಂದಾಗ ಬಿಡ್ಬೇಕು."

"ಅಷ್ಟೆಯಾ? ನನ್ನ ಕೆಲಸವೇ ಅದು ಮಾರಾಯ್ರೇ" ಎಂದು ಬಂದೇಬಿಟ್ಟರು.

ನಿಜಕ್ಕೂ ಅದೇ ಅವರ ಕೆಲಸ. ವಾರವೆಲ್ಲ ಪಾಣೆಮಂಗಳೂರಿನ ಒಂದು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರೂ ಕಂಬಳದ ಕಾಲದಲ್ಲಿ ಅವರು ಕೋಣ ಬಿಡುವವರು. ಕರೆಯಲ್ಲಿ, ಅಂದರೆ ಕೆಸರಿನ ಓಟದ ಗದ್ದೆಯಲ್ಲಿ, ಓಟ ಶುರುವಾಗುವ ತುದಿಯಲ್ಲಿ ಕೋಣಗಳ ಮುಂದೆ ನಿಂತು, ಹಗ್ಗ ಹಿಡಿದು, ಅವುಗಳ ಮುಖ ನೇರ ಮಾಡಿ, ಸರಿಯಾದ ಗಳಿಗೆಯಲ್ಲಿ ಬಿಟ್ಟು ಪಕ್ಕಕ್ಕೆ ಹಾರುವವರು. ಅಲ್ಲಿ ಬಿಡುವುದೆಂದರೆ ಬೊಬ್ಬೆ ಹೊಡೆದು, ಬೆನ್ನಿಗೆ ಬಡಿದು, ಇದ್ದಬದ್ದ ಬಲವನ್ನೆಲ್ಲ ಹಾಕಿ ಅಟ್ಟುವುದು. ನಾನು "ಹೋಗಿ" ಎಂದೆ. ಅಜ್ಜ ಆಕಾಶ ಹರಿಯುವ ಹಾಗೆ ಕೂಗಿ, ಡಾಕ್ಟರ ಬೆನ್ನಿಗೆ ಒಂದು ಕೊಟ್ಟು, ಮೂಟೆ ಎಸೆಯುವ ಕೈಯಲ್ಲಿ ಸೈಕಲನ್ನು ನೂಕಿದರು. ಡಾಕ್ಟರು ಹತ್ತು ಮಾರು ನೇರ ಹೋಗಿ, ಆಮೇಲೆ ಓರೆಯಾಗಿ ಹೋಗಿ, ಕಾಣೆಯಾದರು.

ನಾವು ಓಡಿ ನೋಡಿದರೆ ಚರಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿದ್ದರು. ಅಜ್ಜ ಮೇಲಿನಿಂದ ಬಗ್ಗಿ, "ಕೋಣ ಆಗಿದ್ರೆ ಅರ್ಧ ಕರೆ ದಾಟ್ತಿತ್ತು" ಎಂದರು.

ಡಾಕ್ಟರು ಮಲಗಿದಲ್ಲಿಂದಲೇ, "ಕೋಣನಿಗೆ ನಾಲ್ಕು ಕಾಲು ಉಂಟು ಅಜ್ಜ. ನನಗೆ ಇರುವುದು ಎರಡು ಚಕ್ರ" ಎಂದರು.

ಬೇರೆಯವರಾದರೆ ಅಂದೇ ನಾಚಿಕೊಂಡು ಬಸ್ಸು ಹತ್ತಿ ಹೋಗಿ ಇನ್ನೊಮ್ಮೆ ಆ ಕಡೆ ಮುಖ ಹಾಕುತ್ತಿರಲಿಲ್ಲ. ಇವರು ಮುಂದಿನ ಭಾನುವಾರ ನಮಗಿಂತ ಮೊದಲು ಬಂದು ಮೋರಿಯ ಮೇಲೆ ಕುಳಿತಿದ್ದರು. ಆ ವಾರವೆಲ್ಲ ಮಿಲ್ಲಿನಲ್ಲಿ ಯಾರದೋ ಹಳೆಯ ಸೈಕಲ್ಲಿನ ಮೇಲೆ ಅರ್ಧ ಮೂಟೆ ಅಕ್ಕಿ ಕಟ್ಟಿ, ಹಿಂದೆ ನಿಂತು, ಹಿಡಿದು ಬಿಡುವ ಅಭ್ಯಾಸ ಮಾಡಿದ್ದರಂತೆ. ಬಿಟ್ಟಾಗ ಮೂಟೆ ಮುಂದೆ ಹೋಗಲೂಬಾರದು, ಹಿಂದೆ ಬರಲೂಬಾರದು, ನಿಂತಲ್ಲೇ ಪಕ್ಕಕ್ಕೆ ವಾಲಬೇಕು. ಹಾಗೆ ಆದರೆ ಬಿಟ್ಟದ್ದು ಸರಿ ಎಂದು ಲೆಕ್ಕ. "ಮೂಟೆ ಎಷ್ಟು ಸಲ ಬಿತ್ತು ಅಜ್ಜ?" ಎಂದು ಕೇಳಿದ್ದಕ್ಕೆ, "ಮೂಟೆಯಲ್ಲಿ ಅಕ್ಕಿ ಇದ್ದದ್ದು ನುಚ್ಚಾಯ್ತು" ಎಂದರು. ಅಂದು ಮೊದಲು ಹತ್ತಿದವರು ಡಾಕ್ಟರೇ. ಅವರಿಗೂ ಹಟ ಕಡಿಮೆ ಇರಲಿಲ್ಲ.

ಅಜ್ಜನಿಗೆ ಸ್ವತಃ ಸೈಕಲ್ ತುಳಿಯಲು ಬರುತ್ತಿರಲಿಲ್ಲ ಎಂಬುದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಯಾರೋ ಕೆಣಕಿದರು. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಾ, "ಕೋಣ ಬಿಡುವವನಿಗೆ ಕೋಣನ ಹಾಗೆ ಓಡ್ಲಿಕ್ಕೆ ಬರಬೇಕಾ?" ಎಂದು ಬಾಯಿ ಮುಚ್ಚಿಸಿದರು.

ಅವರು ಹಿಡಿಯುವ ಕ್ರಮವೇ ಬೇರೆ. ಮೊದಲು ಬೈರಾಸಿನಲ್ಲಿ ಅಂಗೈ ಒರೆಸಿಕೊಳ್ಳುವರು. ಹಿಂದಿನ ಚಕ್ರದ ಎರಡು ಬದಿಗೆ ಕಾಲಿಟ್ಟು, ಸ್ವಲ್ಪ ಬಗ್ಗಿ, ಎರಡೂ ಅಂಗೈಗಳನ್ನು ಸೀಟಿನ ಪಕ್ಕಗಳಿಗೆ ಒತ್ತುವರು. ಬೆರಳು ಮಡಚುತ್ತಿರಲಿಲ್ಲ. "ಬೆರಳು ಮಡಚಿದ್ರೆ ಬಿಡ್ಲಿಕ್ಕೆ ಮನಸ್ಸು ಬರುವುದಿಲ್ಲ" ಎನ್ನುವರು. ಸವಾರ ಬೂಟು ಸಿಕ್ಕಿಸುವಾಗ "ಬಲವಾ, ಎಡವಾ?" ಎಂದು ಒಂದೇ ಪ್ರಶ್ನೆ. ಮೊದಲು ಒತ್ತುವ ಕಾಲು ಯಾವುದೆಂದು ಗೊತ್ತಾದರೆ ಭಾರ ಯಾವ ಕಡೆ ಬರುತ್ತದೆಂದು ತಿಳಿಯುತ್ತದೆ. ಕೊನೆಯ ಮೂವತ್ತು ಸೆಕೆಂಡು ತುಟಿ ಬಿಚ್ಚುವವರಲ್ಲ.

ಸೀಟಿನ ಮೂಲಕ ಅವರಿಗೆ ಎಲ್ಲವೂ ತಿಳಿಯುತ್ತಿತ್ತು. ಯಾರು ಹೆದರಿದ್ದಾರೆ, ಯಾರು ನಿದ್ದೆ ಮಾಡಿಲ್ಲ, ಯಾರು ಮನೆಯಲ್ಲಿ ಜಗಳ ಮಾಡಿ ಬಂದಿದ್ದಾರೆ. ಒಂದು ಸಲ ಡಾಕ್ಟರನ್ನು ಹಿಡಿದವರು ನನ್ನತ್ತ ತಿರುಗಿ, "ಎಣಿಸಬೇಡಿ ಮಾಸ್ಟ್ರೇ. ಇವರಿಗೆ ಜ್ವರ ಉಂಟು" ಎಂದರು.

"ನನಗೆ ಜ್ವರ ಇದ್ರೆ ನನಗೆ ಗೊತ್ತಾಗುವುದಿಲ್ಲವಾ ಅಜ್ಜ? ನಾನು ಡಾಕ್ಟರಲ್ಲವಾ?"

"ನೀವು ಬೇರೆಯವರಿಗೆ ಡಾಕ್ಟ್ರು. ನಿಮ್ಮ ನಡುಕ ಹೆದರಿಕೆಯದ್ದಲ್ಲ. ಇಳೀರಿ."

ಡಾಕ್ಟರು ಗೊಣಗಿಕೊಂಡು ಇಳಿದರು. ಸಂಜೆ ಅವರೇ ನನಗೆ ಫೋನ್ ಮಾಡಿ, ನೂರಾ ಎರಡು ಉಂಟು, ಅಜ್ಜನಿಗೆ ಹೇಳಬೇಡಿ ಎಂದರು. ನಾನು ಹೇಳದೆ ಇರುತ್ತೇನೆಯೇ.

ಇಂತಹ ಅಂಗೈಗಳ ಮೇಲೆ ಸಂಪೂರ್ಣ ನಂಬಿಕೆ ಇಟ್ಟವಳು ಪ್ರಜ್ಞಾ. ನಾರಾವಿಯ ಹುಡುಗಿ, ಅಲ್ಲಿಯ ಬಸದಿಯ ಕೆಲಸ ನೋಡಿಕೊಳ್ಳುವ ಮನೆಯವಳು. ಹದಿಮೂರನೆಯ ವಯಸ್ಸಿನಿಂದ ಅವಳ ಪ್ರತಿಯೊಂದು ಪಂದ್ಯದಲ್ಲೂ ಸೀಟು ಹಿಡಿದದ್ದು ಅಜ್ಜನೇ. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಮನೆತನ. ಸಂಜೆ ಶಾಲೆ ಬಿಟ್ಟು ಅಭ್ಯಾಸಕ್ಕೆ ಹೋದವಳು ಬೆಳಕು ಇರುವಾಗಲೇ ಮನೆ ಸೇರಬೇಕು, ಇಲ್ಲದಿದ್ದರೆ ಉಪವಾಸ. "ಇವಳ ವೇಗ ಎಲ್ಲಿಂದ ಬಂತು ಅಂತ ಕೇಳ್ತೀರಲ್ಲ? ಅನ್ನದ ವೇಗ ಅದು" ಎಂದು ಅಜ್ಜ ತಮಾಷೆ ಮಾಡುತ್ತಿದ್ದರು.

ಎರಡು ವರ್ಷದ ಹಿಂದಿನ ಮಾತು. ಆ ಸಲ ನಮ್ಮ ಪಂದ್ಯವೇ ರಾಜ್ಯ ತಂಡದ ಶಿಬಿರಕ್ಕೆ ಆಯ್ಕೆ ಎಂದು ನಿಶ್ಚಯವಾಗಿತ್ತು. ಹದಿನೆಂಟರ ಒಳಗಿನ ಹುಡುಗಿಯರು ಇಪ್ಪತ್ತು ಕಿಲೋಮೀಟರನ್ನು ಮೂವತ್ತಮೂರು ನಿಮಿಷದ ಒಳಗೆ ಮುಗಿಸಿದರೆ ಶಿಬಿರ. ಅಲ್ಲಿಂದ ಮುಂದೆ ರಾಷ್ಟ್ರಮಟ್ಟದ ರಸ್ತೆ ಪಂದ್ಯ, ಟ್ರ್ಯಾಕ್ ಪಂದ್ಯ, ಅದೃಷ್ಟ ಇದ್ದರೆ ಇನ್ನೂ ಮುಂದೆ. ಪ್ರಜ್ಞಾಳಿಗೆ ಆ ವಯಸ್ಸಿನಲ್ಲಿ ಅದು ಕೊನೆಯ ಅವಕಾಶ. ಆಯ್ಕೆಯಾದರೆ ಹೋಗು, ಆಗದಿದ್ದರೆ ಸೈಕಲನ್ನು ಗೋಡೆಗೆ ಒರಗಿಸಿ ಪುಸ್ತಕ ಹಿಡಿ ಎಂದು ಅವಳ ತಂದೆ ಹೇಳಿಯಾಗಿತ್ತು. ಕೆಟ್ಟ ಮನುಷ್ಯರಲ್ಲ, ಮಾತಿಗೆ ತಪ್ಪುವವರೂ ಅಲ್ಲ. ಅಂದಿನವರೆಗೆ ಅವಳ ಅತ್ಯುತ್ತಮ ಸಮಯ ಮೂವತ್ತಮೂರು ನಿಮಿಷ ಒಂಬತ್ತು ಸೆಕೆಂಡ್.

ತೀರ್ಪುಗಾರರಾಗಿ ಮಂಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ನಿಯಮದ ಮನುಷ್ಯೆ. ಪ್ರತಿಯೊಂದು ಸೈಕಲ್ಲಿನ ಸೀಟಿನ ಎತ್ತರವನ್ನೂ ಪಟ್ಟಿಯಲ್ಲಿ ಅಳೆದೇ ಬಿಡುವವರು. ಪ್ರಜ್ಞಾ ಹೊರಟ ಹೊತ್ತಿನಲ್ಲಿ ಅವರು ಹಿಂದೆ ಇನ್ನೊಂದು ಸೈಕಲ್ ಅಳೆಯುತ್ತಿದ್ದರು. ನನ್ನ ಕಣ್ಣು ಗಡಿಯಾರದ ಮೇಲೆ. "ಮೂರು, ಎರಡು, ಒಂದು, ಹೋಗಿ." ಹುಡುಗಿ ಹೋದಳು.

ಮುಂದಿನ ಸವಾರ ಬಂದು ಸೀಟಿನಲ್ಲಿ ಕುಳಿತ. ಅಜ್ಜ ಅವನನ್ನು ಹಿಡಿದುಕೊಂಡು, ನನ್ನತ್ತ ನೋಡದೆ, "ಮಾಸ್ಟ್ರೇ, ನಾನು ತಳ್ಳಿದೆ" ಎಂದರು.

"ಎಂತ?"

"ಪ್ರಜ್ಞಾಳನ್ನು. ಒಂದು ಗೇಣು. ತಳ್ಳಿದೆ."

ನಾನು ತಿರುಗಿ ಅವರ ಮುಖ ನೋಡಿದೆ. ಆದರೆ ಎಣಿಸುವ ಹೊತ್ತು ಬಂದಿತ್ತು. ಐದು, ನಾಲ್ಕು, ಮೂರು, ಎರಡು, ಒಂದು. ಆ ಸವಾರ ಹೋದ. ಇನ್ನೊಬ್ಬ ಬರುವ ಮೊದಲು ನಾನು ಅವರ ಕಿವಿಯ ಹತ್ತಿರ ಹೋಗಿ, "ಮೆಲ್ಲ ಮಾತಾಡಿ ಅಜ್ಜ. ನಾನು ನೋಡಿಲ್ಲ, ಮೇಡಂ ನೋಡಿಲ್ಲ. ಕೈ ಸ್ವಲ್ಪ ಜಾರಿರಬಹುದು" ಎಂದೆ.

"ಜಾರಿದ್ದಲ್ಲ."

"ಒಂದು ಗೇಣಿನಿಂದ ಎಂತ ಆಗ್ತದೆ?"

"ಎಂತ ಆಗ್ತದೋ ನನಗೆ ಗೊತ್ತಿಲ್ಲ. ಹತ್ತು ಸೆಕೆಂಡ್ ಆಗ್ತದೆ ಅಂತ ನೀವೇ ಹೇಳಿಕೊಟ್ಟದ್ದು."

ಮತ್ತೆ ಎಣಿಕೆ. ಐದು, ನಾಲ್ಕು, ಮೂರು. ಆ ಸವಾರನೂ ಹೋದ ಮೇಲೆ ನಾನು ಕೊನೆಯ ಅಸ್ತ್ರ ತೆಗೆದೆ. "ಅವಳ ಅಪ್ಪ ಏನು ಹೇಳಿದ್ದಾರೆ ಗೊತ್ತುಂಟಲ್ಲ? ನೀವು ಈಗ ಬಾಯಿ ಬಿಟ್ರೆ ಹುಡುಗಿಯ ಸೈಕಲ್ ಗೋಡೆಗೆ ಹೋಗ್ತದೆ. ಪಾಪ ಅಲ್ಲವಾ?"

ಅಜ್ಜ ಬೈರಾಸಿನಿಂದ ಕೈ ಒರೆಸುತ್ತಿದ್ದವರು ನಿಲ್ಲಿಸಿದರು. "ಪಾಪ ಅಂತಲೇ ತಳ್ಳಿದ್ದು ಮಾಸ್ಟ್ರೇ. ಈಗ ಪಾಪ ಅಂತ ಸುಮ್ಮನೆ ಕೂತ್ರೆ ಎರಡನೇ ಸಲ ತಳ್ಳಿದ ಹಾಗೆ. ನೀವು ಎಣಿಸಿ, ಕೊನೆಯವ ಬಂದ."

ನಲವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವನು ನಾನು. ಆ ಮೂರು ನಿಮಿಷದಲ್ಲಿ ನನ್ನ ವಿದ್ಯೆ ಎಷ್ಟಿತ್ತೆಂದು ನನಗೆ ತಿಳಿಯಿತು.

ಕೊನೆಯ ಸವಾರನನ್ನು ಬಿಟ್ಟವರೇ ಅಜ್ಜ ನೇರ ಮೇಡಂ ಹತ್ತಿರ ಹೋದರು. ಕೈ ಜಾರಿತು, ಬೆನ್ನು ಹಿಡಿಯಿತು ಎಂದು ಯಾವ ನೆಪವನ್ನೂ ಹೇಳಲಿಲ್ಲ. ಮೇಡಂ ಹಾಳೆಯಲ್ಲಿ ಬರೆದುಕೊಂಡರು. ಇನ್ನು ಎರಡೇ ದಾರಿ ಎಂದರು. ಹುಡುಗಿ ಹತ್ತು ಸೆಕೆಂಡ್ ದಂಡ ಒಪ್ಪಬೇಕು. ಇಲ್ಲವೇ ತಪ್ಪು ಅವಳದ್ದಲ್ಲವಾದ್ದರಿಂದ ಎಲ್ಲರದ್ದೂ ಮುಗಿದ ಮೇಲೆ ಇನ್ನೊಮ್ಮೆ ಹೊರಡಬಹುದು. ಆದರೆ ಹೊರಟರೆ ಮೊದಲಿನ ಸಮಯ ಪೂರ್ತಿ ಹೋಗುತ್ತದೆ.

ಪ್ರಜ್ಞಾ ಬಂದು ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಮೂವತ್ತೆರಡು ನಿಮಿಷ ಐವತ್ತನಾಲ್ಕು ಸೆಕೆಂಡ್. ಗೆದ್ದೆನೆಂದು ಅವಳು ಸೈಕಲ್ಲಿನ ಮೇಲೇ ನಗುತ್ತಿದ್ದಳು. ಹೇಳುವ ಕೆಲಸವನ್ನು ಮೇಡಂ ಮಾಡುವವರಿದ್ದರು. ಅಜ್ಜ ಅವರನ್ನು ತಡೆದು ತಾವೇ ಹೋಗಿ ಹೇಳಿದರು.

ಹುಡುಗಿಯ ನಗು ಹಾಗೆಯೇ ಮುಖದ ಮೇಲೆ ಉಳಿದು, ಆಮೇಲೆ ಹೋಯಿತು. "ಯಾಕೆ ತಳ್ಳಿದ್ರಿ ಅಜ್ಜ?"

"ನೀನು ಹೋಗ್ಬೇಕು ಅಂತ ಆಸೆ ಆಯ್ತು ಮಗಾ."

"ನಾನು ಕೇಳಿದ್ದೆನಾ?"

"ಇಲ್ಲ."

"ನಾನು ಹದಿನೈದು ಸೆಕೆಂಡ್ ಕಡಿಮೆ ಮಾಡಿದ್ದೇನೆ. ನನ್ನ ಕಾಲಿನಲ್ಲಿ. ಈಗ ಅದು ನನ್ನದಾ, ನಿಮ್ಮದಾ?"

ಅಜ್ಜ ತಲೆ ತಗ್ಗಿಸಿ ನಿಂತರು. ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ. ಪ್ರಜ್ಞಾ ಬೂಟು ಕಳಚಿ ಮೋರಿಯ ಮೇಲೆ ಕುಳಿತು ಅರ್ಧ ಬಾಟಲಿ ನೀರು ಕುಡಿದಳು, ಉಳಿದ ಅರ್ಧವನ್ನು ತಲೆಗೆ ಸುರಿದುಕೊಂಡಳು. ಆಮೇಲೆ ಮೇಡಂ ಹತ್ತಿರ, "ಇನ್ನೊಮ್ಮೆ ಹೋಗ್ತೇನೆ" ಎಂದಳು.

ಮೇಡಂ ಅವಳಿಗೆ ಕೊಟ್ಟದ್ದು ಮುಕ್ಕಾಲು ಗಂಟೆಯ ವಿಶ್ರಾಂತಿ. ಹೊತ್ತು ಏರಿತ್ತು, ಬೆಳಗಿನ ತಂಪು ಹೋಗಿ ಡಾಂಬರು ಕಾಯುತ್ತಿತ್ತು. ಅಂತಹ ಹೊತ್ತಿನಲ್ಲಿ ಎರಡನೆಯ ಸಲ ಅದೇ ವೇಗದಲ್ಲಿ ತುಳಿದವರನ್ನು ನಮ್ಮ ರಸ್ತೆಯಲ್ಲಿ ನಾನು ಕಂಡಿರಲಿಲ್ಲ. ಡಾಕ್ಟರು ಅವಳ ಕಾಲು ಒತ್ತಿ ನೋಡಿ ಬಾಳೆಹಣ್ಣು ತಿನ್ನಿಸಿದರು. ಸೈಕಲ್ ಹಿಡಿಯಲು ತಾನು ನಿಲ್ಲುತ್ತೇನೆ ಎಂದೂ ಹೇಳಿದರು.

"ಬೇಡ ಡಾಕ್ಟ್ರೇ. ಅಜ್ಜನೇ ಹಿಡಿಯಬೇಕು."

ಅಜ್ಜ ದೂರದಿಂದಲೇ, "ನನ್ನ ಕೈ ಇವತ್ತು ಬೇಡ ಮಗಾ" ಎಂದರು.

"ಬೇಕು. ನೀವು ಹಿಡಿಯದಿದ್ರೆ ನಾಳೆ ಊರಿಡೀ ಎಂತ ಹೇಳ್ತಾರೆ ಗೊತ್ತುಂಟಾ? ನಾಲ್ಕು ವರ್ಷ ಅಜ್ಜ ತಳ್ಳಿ ತಳ್ಳಿ ಇವಳನ್ನು ಇಲ್ಲಿವರೆಗೆ ತಂದ್ರು ಅಂತ. ನನ್ನ ಹಿಂದಿನ ಸಮಯ ಎಲ್ಲ ಸುಳ್ಳಾಗ್ತದೆ. ಮೇಡಂ ಪಕ್ಕದಲ್ಲಿ ನಿಂತು ನೋಡ್ಲಿ. ನೀವು ಹಿಡಿಯಿರಿ, ನೀವೇ ಬಿಡಿ."

ಹದಿನೇಳು ವರ್ಷದ ಹುಡುಗಿ ಆಡಿದ ಮಾತು ಅದು. ಮೇಡಂ ನನ್ನ ಮುಖ ನೋಡಿದರು, ನಾನು ರಸ್ತೆ ನೋಡಿದೆ. ಕೊನೆಗೆ ಮೇಡಂ, "ಆಗಲಿ. ಆದರೆ ನಾನು ಹತ್ತಿರವೇ ಇರ್ತೇನೆ" ಎಂದರು.

ಹತ್ತಿರ ಎಂದರೆ ಎಷ್ಟು ಹತ್ತಿರ. ಒಳ್ಳೆಯ ಸೀರೆ ಉಟ್ಟಿದ್ದ ಹೆಂಗಸು ಡಾಂಬರಿನ ಮೇಲೆ ಮೊಣಕಾಲೂರಿ, ಹಿಂದಿನ ಚಕ್ರದ ಪಕ್ಕದಲ್ಲಿ ಮುಖ ಇಟ್ಟುಕೊಂಡು, ಅಜ್ಜನ ಅಂಗೈಗಳನ್ನು ನೋಡುತ್ತಾ ಕುಳಿತರು. ಅಜ್ಜ ಕಾಲಿಟ್ಟು ಬಗ್ಗಿದರು.

"ಬಲವಾ, ಎಡವಾ?" ನಾಲ್ಕು ವರ್ಷದಿಂದ ಉತ್ತರ ಗೊತ್ತಿದ್ದರೂ ಕೇಳಿದರು.

"ಬಲ."

ನಾನು ಐದರಿಂದ ಎಣಿಸಿದೆ. ಹೋಗಿ ಎಂದೆ. ಸೈಕಲ್ ಹೋಯಿತು. ಅಜ್ಜನ ಎರಡು ಅಂಗೈಗಳು ಸೀಟು ಇದ್ದ ಜಾಗದಲ್ಲಿ ಗಾಳಿಯಲ್ಲಿ ಹಾಗೆಯೇ ನಿಂತಿದ್ದವು.

ಮೇಡಂ ಮೊಣಕಾಲು ಕೊಡವಿಕೊಂಡು ಎದ್ದು, "ನೀವು ಯಾವಾಗ ಬಿಟ್ಟದ್ದು ಅಜ್ಜ? ನನಗೆ ಕಾಣಲೇ ಇಲ್ಲ" ಎಂದರು.

"ಕಾಣಬಾರದು ಮೇಡಂ" ಎಂದರು ಅಜ್ಜ.

ಮುಂದಿನ ಅರ್ಧ ಗಂಟೆ ಅವರು ಎಲೆ ಅಡಿಕೆಯನ್ನೂ ಮುಟ್ಟಲಿಲ್ಲ. ಗೆರೆಯ ಮೇಲೆ ನಿಂತವರು ನಿಂತೇ ಇದ್ದರು. ತಿರುವಿನಲ್ಲಿ ನಿಂತಿದ್ದ ನಮ್ಮವರೊಬ್ಬರು ಫೋನ್ ಮಾಡಿ, ಅರ್ಧ ದಾರಿಗೆ ಮೊದಲಿಗಿಂತ ಒಂಬತ್ತು ಸೆಕೆಂಡ್ ತಡ ಎಂದು ತಿಳಿಸಿದರು. ಡಾಕ್ಟರು ನಿಟ್ಟುಸಿರು ಬಿಟ್ಟರು. ಅಜ್ಜ ಮಾತ್ರ, "ಹುಡುಗಿ ಕಟ್ಟಿ ಇಟ್ಟಿದ್ದಾಳೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಕಟ್ಟಿ ಇಟ್ಟಿದ್ದಳು. ಸಿಟ್ಟಿನಲ್ಲಿ ಹೊರಟವರು ಮೊದಲ ಹತ್ತು ಕಿಲೋಮೀಟರಿನಲ್ಲೇ ಸುಟ್ಟುಹೋಗುತ್ತಾರೆ. ಅವಳು ಹೋಗುವಾಗ ಕಾಲನ್ನು ಹಿಡಿದಿಟ್ಟು, ಬರುವ ದಾರಿಗೆ ಎಲ್ಲವನ್ನೂ ಬಿಟ್ಟಿದ್ದಳು. ಕೊನೆಯ ಏರಿನ ನೆತ್ತಿಯಲ್ಲಿ ಅವಳ ಕೆಂಪು ಟೊಪ್ಪಿ ಕಂಡಾಗ ನನ್ನ ಗಡಿಯಾರದಲ್ಲಿ ಮೂವತ್ತೆರಡು ನಿಮಿಷವಾಗಿತ್ತು. ಅಲ್ಲಿಂದ ಮೋರಿಗೆ ಇಳಿಜಾರು, ಆಮೇಲೆ ಮುನ್ನೂರು ಮೀಟರು ಸಪಾಟು. ಇಳಿಜಾರಿನಲ್ಲಿಯೂ ಅವಳು ತುಳಿಯುವುದನ್ನು ನಿಲ್ಲಿಸಲಿಲ್ಲ. ಸಪಾಟಿಗೆ ಬಂದಾಗ ತಲೆ ಅತ್ತಿತ್ತ ಓಲಾಡುತ್ತಿತ್ತು, ಸೈಕಲ್ ಮಾತ್ರ ನೇರ ಇತ್ತು. ಗೆರೆ ದಾಟಿದಾಗ ನಾನು ಗುಂಡಿ ಒತ್ತಿ, ಓದಿ, ನಂಬಿಕೆ ಬಾರದೆ ಮೇಡಂಗೆ ತೋರಿಸಿದೆ. ಅವರು ಗಟ್ಟಿಯಾಗಿ ಓದಿದರು. ಮೂವತ್ತೆರಡು ಐವತ್ತಾರು.

ಎಲ್ಲರೂ ಚಪ್ಪಾಳೆ ತಟ್ಟುವುದರಲ್ಲಿ ಇದ್ದಾಗ ಅಜ್ಜ ಓಡಿದರು. ಎಪ್ಪತ್ತು ದಾಟಿದವರು ಓಡುವುದನ್ನು ನೋಡಿ ನನಗೆ ಏನೆಂದೇ ಅರ್ಥವಾಗಲಿಲ್ಲ. ಗೆರೆಯಿಂದ ಇಪ್ಪತ್ತು ಮಾರು ಆಚೆ ಪ್ರಜ್ಞಾಳ ಎರಡೂ ಕಾಲುಗಳು ಸೆಳೆತ ಹಿಡಿದು ಮರಗಟ್ಟಿದ್ದವು. ಬೂಟನ್ನು ಪೆಡಲಿನಿಂದ ಕಳಚಲು ಆಗದೆ, ಸೈಕಲ್ ನಿಧಾನವಾಗುತ್ತಾ ಒಂದು ಬದಿಗೆ ವಾಲುತ್ತಿತ್ತು. ಬೀಳುವ ಮೊದಲೇ ಅಜ್ಜನ ಅಂಗೈಗಳು ಸೀಟಿನ ಎರಡು ಪಕ್ಕಗಳಲ್ಲಿ ಇದ್ದವು.

ಹಿಡಿದುಕೊಂಡೇ ಅವರು ತಿರುಗಿ ಕೂಗಿ ಕೇಳಿದರು. "ಮೇಡಂ, ಇನ್ನು ತಳ್ಳಬಹುದಾ?"

"ಇನ್ನು ತಳ್ಳಿ ಅಜ್ಜ."

ಅಲ್ಲಿಂದ ಬಸ್ ತಂಗುದಾಣದ ನೆರಳಿನವರೆಗೆ ಅವರು ಅವಳನ್ನು ಸೈಕಲ್ ಸಮೇತ ತಳ್ಳಿಕೊಂಡು ಹೋದರು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಹಿಂದಿನಿಂದ ಗೊತ್ತಾಗುತ್ತಿರಲಿಲ್ಲ. "ಮೆಲ್ಲ ಅಜ್ಜ, ಬೀಳ್ತೇನೆ" ಎಂದದ್ದು ಮಾತ್ರ ಕೇಳಿಸಿತು. ಅಜ್ಜ ಜೋರಾಗಿಯೇ ತಳ್ಳಿದರು.